ತಣ್ಣಗದೆ ಅಂದಿದ್ದ

ಶ್ಯಾಮಲ ಐಸ್ ಪೆಟ್ಟಿಗೆಯ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಕರೆಂಟು ಬರಲಿಲ್ಲ. ಗಾಜಿನೊಳಗೆ ಗಂಡ ಕೋದಂಡಪ್ಪ ತನಗೇನೂ ಸಂಬಂಧವಿಲ್ಲದವನಂತೆ ಮಲಗಿದ್ದ.

"ಭಾವ, ಇನ್ನೆಷ್ಟೊತ್ತು? ಎತ್ತುಸ್ರಿ."

ಗಂಡನ ಅಣ್ಣ ಬಚ್ಚಪ್ಪ ಬೇವಿನ ನೆರಳಿನಿಂದ ಕದಲಲಿಲ್ಲ. "ತಂಗಿ ಟ್ರೇನಲ್ಲಿ ಬತ್ತಾವ್ಳೆ. ಅಣ್ಣನ ಮೊಕ ನೋಡ್ದೆ ಎತ್ತಕಾಯ್ತದಾ?"

"ಬೆಳಿಗ್ಗೆಯಿಂದ್ಲೂ ಬತ್ತಾನೇ ಅವ್ಳೆ!"

ನಿನ್ನೆ ಸಂಜೆ ಹಸುಗಳಿಗೆ ನೀರು ತೋರಿಸುತ್ತಿದ್ದವನು ಎದೆ ಹಿಡಿದುಕೊಂಡು ತೊಟ್ಟಿಯ ಪಕ್ಕದಲ್ಲೇ ಕುಸಿದಿದ್ದ. ಆಗಿನಿಂದಲೂ ಅವಳಿಗೆ ಅಳು ಬಂದಿರಲಿಲ್ಲ. ರೇಗುತ್ತಿತ್ತು, ಅಷ್ಟೇ.

*

ಮಿಲಿಟರಿಯಲ್ಲಿದ್ದ ಕೋದಂಡಪ್ಪ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ದಕ್ಷಿಣ ಸುಡಾನಿಗೆ ಹೋದ ವರ್ಷ ಇಲ್ಲಿ ಬೋರ್‌ವೆಲ್ ಬತ್ತಿತ್ತು. ಸೊಂಟದಲ್ಲಿ ಮಗಳು ನವ್ಯ, ತಲೆಯ ಮೇಲೆ ಬಿಂದಿಗೆ. ಸುಡುವ ದಾರಿಯಲ್ಲಿ ಶ್ಯಾಮಲ ಓಡಾಡಿ ಸುಸ್ತಾಗಿದ್ದಳು. ಅವನು ಫೋನ್ ಮಾಡಿದಾಗ ಕೇಳಿದಳು, "ಅಲ್ಲೆಂಗದೆ?"

"ತಣ್ಣಗದೆ ಕಣೆ. ಸಂಜೆಯಾದ್ರೆ ಸ್ವೆಟ್ರು ಬೇಕು."

ಅವಳು ಫೋನ್ ಕುಕ್ಕಿದಳು. ಅವನು ನಿವೃತ್ತನಾಗಿ ಬಂದ ಮೇಲೂ ಅವಳು ಬಿಡಲಿಲ್ಲ. ಬೇಸಿಗೆ ಬಂತೆಂದರೆ, "ಸ್ವೆಟ್ರು ಆಕ್ಕೊಂಡು ಕೂತಿದ್ದೋರ್ಗೆ ನಮ್ ಬಿಸ್ಲು ಎಂಗ್ ಗೊತ್ತಾಯ್ತದೆ?" ಎಂದು ಚುಚ್ಚುವಳು. ಅವನು ನಕ್ಕು, ಅವಳ ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿಕೊಳ್ಳುವನು. ಆ ನಗು ಕಂಡರೆ ಅವಳಿಗೆ ಇನ್ನೂ ಉರಿಯುತ್ತಿತ್ತು.

*

ಊರಿಗಾಂನಿಂದ ಸೆಲ್ವರಾಜ್ ಹಾರ ಹಿಡಿದು ಬಂದ. ಸುಡಾನಿನಲ್ಲಿ ಅವನದೂ ಕೋದಂಡಪ್ಪನದೂ ಒಂದೇ ಟೆಂಟು. ಯಾರೋ ಕೊಟ್ಟ ಮಜ್ಜಿಗೆ ಕುಡಿದು, ಪೆಟ್ಟಿಗೆಯ ಪಕ್ಕ ಕೂತ.

"ಎಂಥಾ ಬಿಸ್ಲಪ್ಪಾ," ಎಂದು ಯಾರೋ ಗೊಣಗಿದರು.

"ಇದೇನು ಬಿಸ್ಲು?" ಎಂದ ಸೆಲ್ವರಾಜ್. "ಅಲ್ಲಿ ಮಂಚದ ಕಂಬಿ ಮುಟ್ಟಿದ್ರೆ ಕೈ ಸುಡೋದು. ಆ ಬಿಸ್ಲಲ್ಲೂ ಹೆಲ್ಮೆಟ್ ತೆಗೆಯೋ ಹಂಗಿಲ್ಲ. ಗೇಟ್ ಡ್ಯೂಟೀಲಿ ಅಣ್ಣ ಒಂದಿನ ಬಿದ್ದೇ ಹೋದ್ರು. ಡ್ರಿಪ್ ಹಾಕ್ಸಿದ್ವಿ. ಕಣ್ಣು ಬಿಟ್ಟೋರೇ ಫೋನ್ ಇಸ್ಕೊಂಡು ನಿಮ್ಗೆ ಮಾಡಿದ್ರಕ್ಕ. ಸ್ವೆಟ್ರು ಬೇಕು ಅಂದ್ರು, ನೆನಪೈತಾ?"

ಶ್ಯಾಮಲ ಅವನನ್ನೇ ನೋಡಿದಳು.

"'ಯಾಕಣ್ಣಾ ಸುಳ್ಳು?' ಅಂದೆ. 'ಅವ್ಳು ಅಲ್ಲಿ ಬೇಯ್ತಾವ್ಳೆ, ನಂದೂ ಯಾಕ್ಲಾ ಅವ್ಳ್ ತಲೆಗೆ ಹೊರ್ಸ್ಲಿ' ಅಂದ್ರು."

ಶ್ಯಾಮಲ ಗಾಜಿನ ಮೇಲೆ ಬಡಿದಳು. "ಒಂದ್ ಮಾತು ಯೋಳಕ್ಕೇನಾಗಿತ್ತು ನಿಂಗೆ? ಇಷ್ಟ್ ವರ್ಷ ನನ್ ಕೈಲಿ ಬಯ್ಸ್ಕೊಂಡು ನಗ್ತಾ ಇದ್ದೆಯಲ್ಲಾ! ಈಗ ಯಾರ ಅತ್ರ ತಪ್ಪಾಯ್ತು ಅನ್ಲಿ?"

ಕೂತಿದ್ದ ಹೆಂಗಸರು, ಕೊನೆಗೂ ಇವಳಿಗೆ ಅಳು ಬಂತೆಂದು ತಾವೂ ದನಿ ಎತ್ತಿ ಅತ್ತರು. ಅವಳು ಅಳುತ್ತಿರಲಿಲ್ಲ, ಜಗಳವಾಡುತ್ತಿದ್ದಳು.

ನಾದಿನಿ ರಾಧಾಮಣಿ ಕೊಡೆ ಹಿಡಿದುಕೊಂಡು ಓಡಿಬಂದಾಗ ಸೂರ್ಯ ನೆತ್ತಿಗೇರಿದ್ದ. ಅವಳು ಅಣ್ಣನ ಮುಖ ನೋಡಿ ಅತ್ತ ಮೇಲೆ ಚಟ್ಟ ಎತ್ತಿದರು. ಊರ ಬಾಗಿಲಲ್ಲಿ ಬಚ್ಚಪ್ಪ ತಿರುಗಿ ನಿಂತ.

"ಎಂಗಸ್ರು ಇಲ್ಲಿಗೇ ನಿಂತ್ಕೊಳ್ರಿ."

ಶ್ಯಾಮಲ ರಾಧಾಮಣಿಯ ಕೈಯಿಂದ ಕೊಡೆ ಕಿತ್ತುಕೊಂಡು ಮುಂದೆ ನುಗ್ಗಿದಳು.

"ಬಿಡಮ್ಮಾ, ಅವ್ನಿಗಿನ್ಯಾವ ಬಿಸ್ಲು?"

"ನೀವ್ ನಡೀರಿ ಭಾವ."

ಕಾದ ಟಾರು ರಸ್ತೆಯ ಮೇಲೆ, ಹೊತ್ತವರ ಹೆಜ್ಜೆಗೆ ಹೆಜ್ಜೆ ಸೇರಿಸಿ, ಅವಳು ತುದಿಗಾಲಿನಲ್ಲಿ ಓಡುತ್ತಿದ್ದಳು. ಕೈಯೆತ್ತಿ ಹಿಡಿದ ಕೊಡೆ ಪೂರ್ತಿ ಅವನ ಮುಖದ ಮೇಲಿತ್ತು. ಬರಿದಾದ ಅವಳ ತಲೆಯಿಂದ ಬೆವರು ಸುರಿಯುತ್ತಿತ್ತು. ಬಾಯಿ ಇನ್ನೂ ಬಯ್ಯುತ್ತಲೇ ಇತ್ತು.