ಗುಂಪು ಬಿಚ್ಚಿಟ್ಟ ಮಧ್ಯಾಹ್ನ

"ಗುಂಪು ಇನ್ನೂ ಹೋಗಿಲ್ಲ ಕಣೋ ಬುಡ್ಡಿ," ಎಂದಳು ಅಕ್ಕ.

ಆರ್ಗನ್ನಿನ ಹಿಂದೆ ಕೂತಿದ್ದ ಬುಡ್ಡಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಜೇಬಿನಲ್ಲಿ ಸದಾ ಎಣ್ಣೆಯ ಸೀಸೆ ಇಟ್ಟುಕೊಳ್ಳುತ್ತಿದ್ದ ತಮ್ಮನಿಗೆ ಅಕ್ಕ ಇಟ್ಟ ಹೆಸರದು. ತಲೆ ಬೋಳಾದರೂ ಹೆಸರು ಮಾತ್ರ ಉದುರಿರಲಿಲ್ಲ. ನಲವತ್ತು ವರ್ಷದಿಂದ ಈ ಸಭಾಂಗಣದಲ್ಲಿ ಅವಳು ನುಡಿಸುತ್ತಿದ್ದಳು, ಇವನು ರಿಪೇರಿ ಮಾಡುತ್ತಿದ್ದ.

ಗುಂಪು ಅಂದರೆ ಅವರಿಬ್ಬರ ಮಾತಿನಲ್ಲಿ ಕೋರಸ್. ಈ ಆರ್ಗನ್ನಿನಲ್ಲಿ ಸ್ವರಕ್ಕೊಂದು ಹಲ್ಲಿನ ಚಕ್ರ. ಒಂದೇ ಮೋಟಾರು ಎಲ್ಲವನ್ನೂ ತಿರುಗಿಸುತ್ತದೆ. ಹಲ್ಲುಗಳು ಅಯಸ್ಕಾಂತದ ಮುಂದೆ ಹಾಯ್ದಾಗ ಅದಕ್ಕೆ ಸುತ್ತಿದ ತಂತಿಯಲ್ಲಿ ಕರೆಂಟು ಏರಿಳಿದು ಸ್ಪೀಕರಿನಲ್ಲಿ ಸ್ವರವಾಗುತ್ತದೆ. ಕೋರಸ್‌ಗೆ ಬೇರೆಯೇ ಒಂದು ಸಾಲು ಚಕ್ರ, ಬೇಕೆಂದೇ ಶ್ರುತಿಯನ್ನು ಕೂದಲೆಳೆಯಷ್ಟು ತಪ್ಪಿಸಿದ್ದು. ಎರಡೂ ಬೆರೆತರೆ ಸ್ವರ ಮೆಲ್ಲಗೆ ನಡುಗಿ, ಒಬ್ಬರು ಹಾಡಿದ್ದು ಹತ್ತು ಜನ ಹಾಡಿದಂತೆ ತುಂಬಿಕೊಳ್ಳುತ್ತದೆ.

ಸ್ವಿಚ್ಚು ಆರಿಸಿದರೂ ಗುಂಪು ಕೇಳುತ್ತದೆ ಎಂದು ಅಕ್ಕ ಎರಡು ತಿಂಗಳಿಂದ ನುಡಿಸುವುದನ್ನೇ ಬಿಟ್ಟಿದ್ದಳು. ಬುಡ್ಡಿ ಸ್ವಿಚ್ಚು ಬದಲಿಸಿದ, ತಂತಿ ಬದಲಿಸಿದ. ಇವತ್ತು ಇಬ್ಬರೂ ಸೇರಿ ಕೋರಸ್‌ನ ಆ ಸಾಲನ್ನೇ ಹೊರಗೆ ತೆಗೆದು ಮೇಜಿನ ಮೇಲಿಟ್ಟಿದ್ದರು. ಒಳಗೆ ಉಳಿದ ಚಕ್ರಗಳ ಹಲ್ಲು ಮುರಿಯಬಹುದೇ ಹೊರತು ಶ್ರುತಿ ತಪ್ಪುವಂತಿಲ್ಲ. ಅದು ಅವನಿಗೆ ಮೊದಲೇ ಗೊತ್ತಿತ್ತು. ಆರ್ಗನ್ನಿನ ಹಿಂಬದಿಯ ಹಲಗೆ ಬಿಚ್ಚಿರುವಷ್ಟು ದಿನ ದೋಷ ಯಂತ್ರದ್ದೇ ಆಗಿರುತ್ತದೆ ಎಂಬ ಆಸೆಗೆ ಬಿದ್ದು ಪುಣ್ಯಾತ್ಮ ಸ್ಕ್ರೂ ತಿರುಗಿಸುತ್ತಲೇ ಇದ್ದ.

"ಅಕ್ಕಾ, ಒಂದು ಸ್ವರ ಒತ್ತಿ ಹಿಡಿ. ಎಡಗಿವಿ ಮುಚ್ಕೋ."

"ಈಗ ಒಂದೇ ಕೇಳ್ತಿದೆ!" ಅವಳ ಮುಖ ಅರಳಿತು. "ಸರಿ ಮಾಡಿದ್ಯಾ?"

"ಈಗ ಬಲಗಿವಿ ಮುಚ್ಕೋ."

ಅಕ್ಕ ಮುಚ್ಚಿಕೊಂಡಳು. "ಇದೂ ಒಂದೇ. ಆದರೆ ಸ್ವಲ್ಪ ಮೇಲಿದೆ ಅಲ್ವಾ?"

ಅಕ್ಕ ಕಿವಿಯಿಂದ ಬೆರಳು ತೆಗೆದು, ಮತ್ತೆ ಮುಚ್ಚಿ, ಮತ್ತೆ ತೆಗೆದು ಕೇಳಿಸಿಕೊಂಡಳು. ಅದೇ ಸ್ವರ ಒಂದೊಂದು ಕಿವಿಗೆ ಒಂದೊಂದು ಶ್ರುತಿಯಲ್ಲಿ ಕೇಳುತ್ತಿತ್ತು. ಆಮೇಲೆ ಮೇಜಿನ ಮೇಲಿದ್ದ ಚಕ್ರಗಳನ್ನು ಬಹಳ ಹೊತ್ತು ನೋಡಿದಳು.

"ಪಾಪ, ಇದರ ಹೊಟ್ಟೆ ಬಗೆದು ಹಾಕಿದ್ವಲ್ಲೋ," ಎಂದಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ವಾರಾನೇ."

"ಹೇಳ್ಬಾರದಿತ್ತಾ?"

"ಬಾಯಿ ಬರಲಿಲ್ಲ ಅಕ್ಕಾ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಡಾಕ್ಟರಿಗೆ ತೋರಿಸೋಣ ಎಂದ. ತೋರಿಸಿದ್ದಾಗಿದೆ, ಕಿವಿ ಸರಿಹೋಗಲ್ಲ ಅಂದಿದ್ದಾರೆ ಎಂದಳು. ಅವರ ಮಾತು ಸುಳ್ಳಾಗಲಿ ಅಂತಲೇ ಈ ತಮ್ಮನಿಂದ ಎರಡು ತಿಂಗಳು ಕೆಲಸ ಮಾಡಿಸಿದ್ದಳು.

"ಗುಂಪು ವಾಪಸ್ ಹಾಕು," ಎಂದಳು ಕೊನೆಗೆ. "ಇನ್ಮೇಲೆ ಅದನ್ನ ಆರಿಸೋದೇ ಬೇಡ. ಹಾಗೇ ನುಡಿಸ್ತೀನಿ."

"ಆಗ ನಿಂಗೆ ಎರಡಲ್ಲ, ನಾಲ್ಕು ಕೇಳುತ್ತೆ."

"ಕೇಳಲಿ ಬಿಡೋ. ಕೇಳೋಕೆ ಕೂತೋರಿಗೂ ಒಂದಕ್ಕೆ ಎರಡು ಕೇಳುತ್ತಲ್ಲ. ನಾನೊಬ್ಬಳೇ ತಪ್ಪು ಕೇಳಿಸ್ಕೊಂಡು ಕೂರೋದು ತಪ್ಪುತ್ತೆ."

ಬುಡ್ಡಿ ತೋಳಿನಿಂದ ಕಣ್ಣೊರೆಸಿಕೊಂಡು ಚಕ್ರಗಳ ಸಾಲಿನ ಒಂದು ತುದಿ ಹಿಡಿದ. ಅಕ್ಕ ಇನ್ನೊಂದು ತುದಿ ಹಿಡಿದಳು.