ತಿರುಮಲಮ್ಮನವರ ವ್ಯಾಸಪೀಠ

ನಾನು ಒಂದು ವ್ಯಾಸಪೀಠ. ಪುಸ್ತಕ ಕೂರುವ ಮಣೆ ಎಂದರೂ ನನಗೆ ಬೇಸರವಿಲ್ಲ. ಹಾಸನದ ಬಡಗಿ ಕಾಳಾಚಾರಿ ಒಂದೇ ಹಲಸಿನ ಹಲಗೆಯನ್ನು ಕೊರೆದು, ಮೊಳೆಯಿಲ್ಲದೆ ಅಂಟಿಲ್ಲದೆ, ಎರಡು ಕೈಯ ಬೆರಳು ಹೆಣೆದ ಹಾಗೆ ನನ್ನನ್ನು ಮಾಡಿದ. ಬಿಡಿಸಿದರೆ ನಿಲ್ಲುತ್ತೇನೆ, ಮಡಿಸಿದರೆ ಮತ್ತೆ ಹಲಗೆಯಾಗುತ್ತೇನೆ.

ಮಾಡಿಸಿದವರು ಅಳಸಿಂಗರಯ್ಯನವರು. ಸಂಜೆ ಜಗಲಿಯಲ್ಲಿ ದೀಪ ಹಚ್ಚಿಟ್ಟು ರಾಗವಾಗಿ ಕಾವ್ಯ ಓದುತ್ತಿದ್ದರು, ಬೀದಿಯವರೆಲ್ಲ ಕೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನೂ ಅವರ ದಪ್ಪ ಪುಸ್ತಕವೂ ಮಗಳು ತಿರುಮಲಮ್ಮನ ಜೊತೆ ಮೈಸೂರಿಗೆ ಬಂದೆವು. ಆಕೆ ಪಾಠಶಾಲೆಯಲ್ಲಿ ಕಲಿಸಿದರು, ಗಂಡನನ್ನು ಕಳೆದುಕೊಂಡರು, ಮುದುಕಿಯಾದರು. ಒಂದು ಬೆಳಿಗ್ಗೆ ನನ್ನನ್ನು ಮಡಿಸಿ, ಮೇಲೆ ಹಿಟ್ಟು ಉದುರಿಸಿ ಚಪಾತಿ ಲಟ್ಟಿಸಲು ಕುಳಿತರು. ಮಗಳು ವೈದೇಹಿ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಚಪಾತಿ ಚೆನ್ನಾಗಿಯೇ ಬಂದಿತ್ತು.

ಆಮೇಲೆ ನಾವು ಊರಾಚೆಯ ಮನೆಯೊಂದಕ್ಕೆ ಬಂದೆವು. ಮರೆವಿನ ಕಾಯಿಲೆಯ ಹಿರಿಯರನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ಕೋಣೆ ಗುರುತು ಹತ್ತಲೆಂದು ಬಾಗಿಲಿಗೆ ಅವರವರ ಹರೆಯದ ಫೋಟೋ ಅಂಟಿಸಿರುತ್ತಾರೆ. ನನ್ನ ಜಾಗ ತಿರುಮಲಮ್ಮನವರ ಮಂಚದ ಪಕ್ಕದ ಮೇಜು. ಮಂಗಳವಾರ ಮಾತ್ರ ನನ್ನನ್ನು ಹಜಾರಕ್ಕೆ ಒಯ್ಯುತ್ತಿದ್ದರು. ಆರೈಕೆಗಿದ್ದ ಪುಟ್ಟಗೌರಿ ಅಂದು ಎಲ್ಲರಿಗೂ ಪುಸ್ತಕ ಓದುತ್ತಿದ್ದಳು.

ಒಂದು ಮಂಗಳವಾರ ಅವಳು ಅಳಸಿಂಗರಯ್ಯನವರ ದಪ್ಪ ಪುಸ್ತಕದಿಂದ ಓದಿದ್ದು, ರಾಣಿಯೊಬ್ಬಳು ಕಾಡಿನಲ್ಲಿ ಕೂಸನ್ನು ಕಳೆದುಕೊಂಡು ಮರಮರವನ್ನೂ ಕೇಳುತ್ತ ಅಲೆಯುವ ಭಾಗ. ಊಟದ ಗಂಟೆ ಹೊಡೆಯಿತು. ಪುಟ್ಟಗೌರಿ ಪುಸ್ತಕ ಮುಚ್ಚಿದಳು.

ತಿರುಮಲಮ್ಮನವರು ಊಟ ಮುಟ್ಟಲಿಲ್ಲ.

"ಮಗು ಸಿಗ್ಲಿಲ್ವಲ್ಲೇ" ಎಂದರು.

"ಸಿಕ್ತದೆ ಕಣಜ್ಜಿ. ವೈದೇಹಕ್ಕ ಭಾನ್ವಾರ ಬತ್ತಾರೆ. ಈಗ ಒಂದು ತುತ್ತು ತಿನ್ನಿ."

ಅಜ್ಜಿ ಮಗಳನ್ನು ಕೇಳುತ್ತಿದ್ದಾರೆಂದೇ ಅವಳು ತಿಳಿದಳು. ಅಲ್ಲಿಯವರೆಲ್ಲ ಮಕ್ಕಳನ್ನು ಕೇಳುವವರೇ. ಆದರೆ ಕಾವ್ಯ ಓದುವ ಮನೆಗಳಲ್ಲಿ ಒಂದು ಕ್ರಮವಿದೆ. ಸಂಕಟದ ಜಾಗದಲ್ಲಿ ಓದು ನಿಲ್ಲಿಸಬಾರದು. ಕಷ್ಟದಲ್ಲಿರುವವರನ್ನು ಶುಭದ ಕಡೆ ಮುಟ್ಟಿಸಿ, ಆಮೇಲೆ ಪುಸ್ತಕ ಮುಚ್ಚಿ ಊಟಕ್ಕೆ ಏಳಬೇಕು. ನನಗೆ ಅದು ಗೊತ್ತಿತ್ತು. ಹೇಳುವುದು ನನ್ನ ಕೆಲಸವಲ್ಲ.

ಬುಧವಾರ ಎರಡು ಚಮಚ ಮಜ್ಜಿಗೆ ಮಾತ್ರ ಇಳಿಯಿತು. ಮಗಳ ಹೆಸರು ಮರೆತಿದ್ದ ಅಜ್ಜಿಗೆ, ನನ್ನ ಮೇಲಿನ ಮುಚ್ಚಿದ ಪುಸ್ತಕ ಕಣ್ಣಿಗೆ ಬಿದ್ದಾಗಲೆಲ್ಲ ಆ ಮಗು ನೆನಪಾಗುತ್ತಿತ್ತು. ಗುರುವಾರ ಡಾಕ್ಟರು ನಾಡಿ ಹಿಡಿದು ನೋಡಿ, "ನಾಳೆ ಮಧ್ಯಾಹ್ನದೊಳಗೆ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ನಳಿಕೆ ಹಾಕಬೇಕಾಗುತ್ತೆ" ಎಂದರು. ಈ ಮನೆಯಿಂದ ಹಾಗೆ ಹೋದವರಲ್ಲಿ ಇಬ್ಬರು ತಿರುಗಿ ಬಂದದ್ದನ್ನು ಮಾತ್ರ ನಾನು ಕಂಡಿದ್ದೇನೆ.

ಶುಕ್ರವಾರ ಬೆಳಿಗ್ಗೆ ಪುಟ್ಟಗೌರಿ ಆಸ್ಪತ್ರೆಗೆಂದು ಅಜ್ಜಿಯ ಬಟ್ಟೆಬರೆ ಚೀಲಕ್ಕೆ ತುಂಬಿದಳು. ಮೇಜು ಒರೆಸಲು ಪುಸ್ತಕ ತೆಗೆದು ನನ್ನನ್ನು ಮಡಿಸಿದಳು. ಅಜ್ಜಿ ಥಟ್ಟನೆ ಅವಳ ಮುಂಗೈ ಹಿಡಿದುಕೊಂಡರು.

"ಮಡಿಸಿಬಿಟ್ಯಾ? ಅವಳನ್ನ ಕಾಡಲ್ಲೇ ಬಿಟ್ಟು ಮಡಿಸಿಬಿಟ್ಯಾ? ಯಾರ ಮನೆ ಹುಡುಗಿಯೇ ನೀನು, ಓದು ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳ್ಕೊಡ್ಲಿಲ್ವೇ?"

ಪುಟ್ಟಗೌರಿ ಒರೆಸುವ ಬಟ್ಟೆ ಕೆಳಗಿಟ್ಟಳು. ಆಮೇಲೆ ಕೇಳಿದಳು: "ಎಲ್ಲೀಗಂಟ ಓದ್ಬೇಕು ಅಜ್ಜಿ?"

"ಮಗು ಮಡಿಲಿಗೆ ಬರೋವರೆಗೆ."

ಅವಳು ನನ್ನನ್ನು ಬಿಡಿಸಿ ಮಂಚದ ಮೇಲೇ ಇಟ್ಟಳು. ಹಳಗಾಲದ ಪದ್ಯ ಅವಳ ನಾಲಗೆಗೆ ಒಗ್ಗದು. ಎಡವಿ ಎಡವಿ ಓದಿದಳು.

"ಅಲ್ಲಿ ಉಸಿರು ಎಳೀಬೇಡ. ಪದ ಮುರೀತೀಯ."

"ಉಸ್ರು ಬಿಡ್ದೆ ಸತ್ತೋಯ್ತೀನಿ ಕಣಜ್ಜಿ!"

"ಓದಿ ಮುಗಿಸಿ ಸಾಯಿ."

ಮ್ಯಾನೇಜರ್ ಎರಡು ಸಲ ಇಣುಕಿ ಗಡಿಯಾರ ನೋಡಿದರು. ಆಂಬುಲೆನ್ಸ್ ಅಂಗಳಕ್ಕೆ ಬಂದು ನಿಂತಿತು. ಪುಟ್ಟಗೌರಿ ತಲೆ ಎತ್ತಲಿಲ್ಲ. ಮೂವತ್ತು ಪುಟ ದಾಟಿದ ಮೇಲೆ ಬೇಡರ ಹಟ್ಟಿಯಲ್ಲಿ ಕೂಸು ಸಿಕ್ಕಿತು. ಇನ್ನೆರಡು ಪದ್ಯಕ್ಕೆ ರಾಣಿಯ ಮಡಿಲು ಸೇರಿತು. ತಿರುಮಲಮ್ಮನವರು ಪುಸ್ತಕವನ್ನು ತಾವೇ ಮುಚ್ಚಿ ಕಣ್ಣಿಗೆ ಒತ್ತಿಕೊಂಡರು.

"ಹೊಟ್ಟೆ ಹಸೀತಿದೆ. ಅಡುಗೆ ಆಗಿಲ್ವೇನೇ ಇನ್ನೂ?"

ಒಂದು ಬಟ್ಟಲು ಮೊಸರನ್ನ ತಿಂದರು. ಉಪ್ಪು ಸಾಲದು ಎಂದರು. ಆಂಬುಲೆನ್ಸ್ ಖಾಲಿ ಹೋಯಿತು.

ಮುಂದಿನ ಮಂಗಳವಾರ ಅವರಿಗೆ ರಾಣಿಯೂ ನೆನಪಿರಲಿಲ್ಲ, ಪುಟ್ಟಗೌರಿಯೂ ನೆನಪಿರಲಿಲ್ಲ. ಎರಡು ವರ್ಷ ಬದುಕಿ, ನಿದ್ದೆಯಲ್ಲಿ ಹೋದರು. ವೈದೇಹಿ ನನ್ನನ್ನೂ ಪುಸ್ತಕವನ್ನೂ ಅಲ್ಲಿಗೇ ಕೊಟ್ಟಳು.

ಈಗ ನನ್ನ ಹೆಣಿಗೆ ಸಡಿಲವಾಗಿದೆ, ಒಂದು ಕಾಲಿಗೆ ದಾರ ಸುತ್ತಿದ್ದಾರೆ. ಮೊನ್ನೆ ಹೊಸ ಮ್ಯಾನೇಜರ್ ಗೋಡೆಯ ವೇಳಾಪಟ್ಟಿ ನೋಡುತ್ತಿದ್ದರು. ಎಲ್ಲದಕ್ಕೂ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಬರೆದಿತ್ತು. ಮಂಗಳವಾರದ ಓದಿಗೆ ಮಾತ್ರ ಮುಗಿಯುವ ಹೊತ್ತು ಬರೆದಿರಲಿಲ್ಲ.

"ಇದನ್ನ ತುಂಬೋದು ಮರೆತ್ರಾ?" ಎಂದು ಕೇಳಿದರು.

"ಇಲ್ಲ ಸಾರ್," ಎಂದಳು ಪುಟ್ಟಗೌರಿ, ನನ್ನನ್ನು ಬಿಡಿಸುತ್ತ. "ಕತೇಲಿ ಯಾರ್ ಯಾರು ಯಾವಾಗ ಮನೆ ಸೇರ್ತಾರೆ ಅಂತ ಮೊದ್ಲೇ ಎಂಗ್ ಬರೆಯೋದು?"