ಸಮುದ್ರದ ಕಡೆಯಿಂದ ಬಂದ ಟ್ರ್ಯಾಕ್ಟರ್

ಕಡಲತೀರದ ಮರಳಿಗೆ ಕುಂಟೆ ಎಳೆದು ಸಮ ಮಾಡುವ ಟ್ರ್ಯಾಕ್ಟರಿನ ಚಾಲಕನನ್ನು ಊರೆಲ್ಲ ಇಸ್ತ್ರಿ ಎಂದೇ ಕರೆಯುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ದಿನಾ ಸಂಜೆ ಜನರ ಹೆಜ್ಜೆ, ಕುರ್ಚಿ ಎಳೆದ ಗೀರು, ಮಕ್ಕಳು ತೋಡಿದ ಗುಂಡಿ ಎಲ್ಲವನ್ನೂ ಅಳಿಸಿಯೇ ಅವನು ಮನೆಗೆ ಹೋಗುತ್ತಿದ್ದ. ಅಲೆಗಳಿಗೂ ಸ್ವಲ್ಪ ಆಚೆ ನಿಲ್ಲಿ ಎನ್ನುತ್ತಿದ್ದನೇನೋ, ಅಷ್ಟು ಅಧಿಕಾರ ಅವನಿಗಿರಲಿಲ್ಲ.

ಕಳೆದ ವರ್ಷ ಒಂದು ದಿನ ಮರೆತ ಊಟದ ಡಬ್ಬಿ ತರಲು ನಸುಕಿನಲ್ಲೇ ಹೋದವನಿಗೆ ತನ್ನ ಮರಳಿನ ಮೇಲೆ ಬೇರೆ ಟೈರಿನ ಗುರುತು ಕಂಡಿತು. ಎರಡೂವರೆ ಅಡಿ ಅಗಲ, ನೀರಿನಿಂದ ಮರಳುದಿಬ್ಬದ ಬುಡದವರೆಗೆ, ಅಲ್ಲಿಂದ ವಾಪಸ್. ಪಕ್ಕದ ತೀರದ ಗುತ್ತಿಗೆದಾರ ತನ್ನ ಕೆಲಸ ಕಿತ್ತುಕೊಳ್ಳಲು ಸಣ್ಣ ಟ್ರ್ಯಾಕ್ಟರ್ ತಂದು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಇಸ್ತ್ರಿ ತಾನೇ ಊಹಿಸಿ, ತಾನೇ ನಂಬಿದ. ಅಂದಿನಿಂದ ಆಫೀಸಿಗೆ ಹೇಳದೆ ದಿನಾ ನಾಲ್ಕು ಗಂಟೆಗೆ ಎದ್ದು ಹೋಗಿ ಆ ಗುರುತುಗಳನ್ನು ಅಳಿಸತೊಡಗಿದ. ಸಿಟ್ಟಿಗೆ ಮರಳು ಅದುಮುವ ರೋಲರನ್ನೂ ಎರಡು ಸಲ ಓಡಿಸುತ್ತಿದ್ದ. ಸಾಕ್ಷಿಗಿರಲಿ ಎಂದು ಪ್ರತಿ ಬಾರಿಯ ತಾರೀಕು, ಹತ್ತಿರದ ದೀಪದ ಕಂಬದ ನಂಬರು ಕಿಸೆಪುಸ್ತಕದಲ್ಲಿ ಬರೆದಿಟ್ಟ.

ಆರು ಗಂಟೆಗೆ ಅದೇ ಮರಳಿನ ಮೇಲೆ ಅವನ ಅಕ್ಕ ಬರುತ್ತಿದ್ದಳು. ಕಡಲಾಮೆಗಳು ಮೊಟ್ಟೆಯಿಟ್ಟ ಗೂಡುಗಳನ್ನು ಎಣಿಸುವುದು ಅವಳ ಕೆಲಸ. ನುಣ್ಣಗಿನ ಮರಳು ನೋಡಿ, ತಮ್ಮ ನಿನ್ನೆ ಸಂಜೆ ಮಾಡಿದ್ದು ಹಾಗೇ ಇದೆ ಎಂದುಕೊಂಡು 'ಇಲ್ಲ' ಎಂದು ಬರೆದು ಹೋಗುತ್ತಿದ್ದಳು. ಕಳೆದ ವರ್ಷವೂ ಇಲ್ಲ, ಈ ವರ್ಷವೂ ಇಲ್ಲ. ತಿಂಗಳ ಕೊನೆಗೂ ಇಲ್ಲವೆಂದಾದರೆ ಎಣಿಕೆ ನಿಲ್ಲುತ್ತದೆ, ದಿಬ್ಬದ ಬುಡವನ್ನು ಕುರ್ಚಿ ಹಾಕಲು ಹೋಟೆಲಿಗೆ ಕೊಡಲಾಗುತ್ತದೆ ಎಂದು ಪತ್ರ ಬಂತು.

ಅಕ್ಕ ತಮ್ಮ ಭಾನುವಾರ ಭಾನುವಾರ ಒಟ್ಟಿಗೆ ಊಟ ಮಾಡುತ್ತಿದ್ದರು. ಆದರೆ ಊಟದ ಹೊತ್ತಲ್ಲಿ ಆಫೀಸಿನ ಮಾತು ಕೂಡದೆಂಬುದು ಭಾವನ ಕಟ್ಟಪ್ಪಣೆ. ಒಂದು ಭಾನುವಾರ ಭಾವನಿಗೆ ಹಲ್ಲುನೋವು ಬಂದು, ಅಪ್ಪಣೆಯ ಸಮೇತ ಒಳಗೆ ಮಲಗಿದ್ದ.

"ಅಕ್ಕಾ, ಯಾರೋ ನನ್ನ ಅನ್ನಕ್ಕೆ ಕಲ್ಲು ಹಾಕ್ತಿದಾನೆ," ಎಂದ ಇಸ್ತ್ರಿ. "ಸಣ್ಣ ಟ್ರ್ಯಾಕ್ಟರ್ ತರ್ತಾನೆ. ದಿಬ್ಬದ ತನಕ ಹೋಗಿ, ಮರಳೆಲ್ಲಾ ಕೆದರಿ ವಾಪಸ್ ಹೋಗ್ತಾನೆ. ಗಾಡಿ ತಿರುಗಿಸೋಕೂ ಬರಲ್ಲ ಅವನಿಗೆ. ದಿನಾ ನಾಲ್ಕಕ್ಕೇ ಹೋಗಿ ಅಳಿಸ್ತೀನಿ, ತಾರೀಕು, ಕಂಬ ಎಲ್ಲಾ ಪುಸ್ತಕದಲ್ಲಿ ಬರೆದಿಟ್ಟಿದೀನಿ."

ಸೌಟು ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. "ವಾಪಸ್ ಎಲ್ಲಿಗೆ?"

"ನೀರಿಗೆ."

"ಟ್ರ್ಯಾಕ್ಟರು ನೀರಿಗೆ ಹೋಗುತ್ತಾ?"

ಈ ಪ್ರಶ್ನೆ ಅವನಿಗೂ ಹೊಳೆದಿತ್ತು. ಹೊಳೆದಾಗಲೆಲ್ಲ ಬದಿಗೆ ಸರಿಸಿದ್ದ.

"ಅದು ಆಮೆ ಕಣೋ."

"ಆಮೆ ತಟ್ಟೆಯಷ್ಟಿರುತ್ತೆ." ಅವನು ಬಾವಿಯ ಆಮೆ ಮಾತ್ರ ನೋಡಿದ್ದ.

"ಇದು ನಿನ್ನ ಟೈರಿನಷ್ಟಿರುತ್ತೆ," ಎಂದಳು ಅಕ್ಕ. "ಪುಸ್ತಕ ಕೊಡು."

ಈ ವರ್ಷದ್ದು ಹದಿನಾಲ್ಕು ತಾರೀಕುಗಳಿದ್ದವು. ಮೊದಲನೆಯದು ಐವತ್ತೆಂಟು ದಿನದ ಹಿಂದಿನದು, ಏಳನೇ ಕಂಬ. ಮರಿಗಳು ಹೊರಬಂದಿರಬೇಕಾದ ಹೊತ್ತು. ಕೈ ತೊಳೆದು ಇಬ್ಬರೂ ಅಲ್ಲಿಗೇ ಹೋದರು. ಮರಳು ರಸ್ತೆಯ ಹಾಗೆ ಗಟ್ಟಿಯಾಗಿತ್ತು. ಅಗೆದಾಗ ಆ ಗಟ್ಟಿ ಪದರದ ಕೆಳಗೆ, ಮೊಟ್ಟೆಯೊಡೆದು ಮೇಲೆ ಹತ್ತಿ ಬಂದ ಮರಿಗಳು ತಲೆ ಮೇಲೆ ಮಾಡಿಕೊಂಡೇ ಸತ್ತಿದ್ದವು. ಅಕ್ಕ ಎಣಿಸಿದಳು. ತೊಂಬತ್ತಾರು.

"ರೋಲರ್ ಎರಡು ಸಲ ಓಡಿಸಿದ್ದೆ," ಎಂದ ಇಸ್ತ್ರಿ. ಅವನ ಕಣ್ಣು ತುಂಬಿತು. ಮರಳು ಬಿತ್ತು ಎನ್ನೋಣವೆಂದರೆ ಗಾಳಿಯೇ ಇರಲಿಲ್ಲ.

ಉಳಿದ ಹದಿಮೂರು ಗೂಡುಗಳಲ್ಲಿ ಮರಿಯಾಗಲು ಇನ್ನೂ ದಿನವಿತ್ತು. ಕತ್ತಲಾಗುವವರೆಗೆ ಇಬ್ಬರೂ ಒಂದೊಂದೇ ಕಂಬದ ಬಳಿ ಮಂಡಿಯೂರಿ, ಮೇಲಿನ ಗಟ್ಟಿ ಮರಳನ್ನು ಕೈಯಲ್ಲೇ ಸಡಿಲ ಮಾಡಿದರು.

ಹದಿನಾಲ್ಕು ಗೂಡು ಎಂದು ಬರೆಯಲು ಆಫೀಸಿಗೆ ಪುರಾವೆ ಬೇಕಿತ್ತು. ಇದ್ದ ಪುರಾವೆ ಆ ಕಿಸೆಪುಸ್ತಕ ಒಂದೇ. ಅವನು ಅಪ್ಪಣೆಯಿಲ್ಲದೆ ಗಾಡಿ ಓಡಿಸಿದ್ದಕ್ಕೂ ಅದೇ ಪುರಾವೆ.

"ಕೆಲಸ ಹೋಗುತ್ತೆ ಕಣೋ," ಎಂದಳು ಅಕ್ಕ ಆಫೀಸಿನ ಬಾಗಿಲಲ್ಲಿ. "ಬೇಡ ಅಂದ್ರೆ ಬೇಡ."

ಇಸ್ತ್ರಿ ಒಳಗೆ ಹೋಗಿ ಪುಸ್ತಕವನ್ನು ಅಧಿಕಾರಿಯ ಮೇಜಿನ ಮೇಲಿಟ್ಟ. "ಪ್ರತಿ ಪುಟಕ್ಕೂ ಸಹಿ ಹಾಕ್ಬೇಕಾ ಸಾರ್, ಕೊನೇಲಿ ಒಂದು ಸಾಕಾ?"

ಅಧಿಕಾರಿ ಕೈಕುಲುಕಿ ಧನ್ಯವಾದ ಹೇಳಿದರು. ಅದೇ ಕೈಯಲ್ಲಿ ಟ್ರ್ಯಾಕ್ಟರಿನ ಕೀಲಿ ಇಸಿದುಕೊಂಡರು. ಎಣಿಕೆ ಉಳಿಯಿತು, ಕುರ್ಚಿಗಳು ಬರಲಿಲ್ಲ, ದಿಬ್ಬದ ಬುಡಕ್ಕೆ ಯಾವ ಗಾಡಿಯೂ ಹೋಗಕೂಡದೆಂದು ಆದೇಶವಾಯಿತು.

ಮರುದಿನವೂ ಅವನಿಗೆ ನಾಲ್ಕಕ್ಕೇ ಎಚ್ಚರವಾಯಿತು. ಮಾಡಲು ಬೇರೆ ಕೆಲಸವಿಲ್ಲದೆ, ಆರಕ್ಕೆ ಅಕ್ಕನ ಜೊತೆ ನಡೆಯಲು ಹೋದ. ಒಂದು ಕಡೆ ಹೊಸ ಗುರುತು ಮೂಡಿತ್ತು. ಅವನ ಕಾಲು ತಾನಾಗಿಯೇ ಉಜ್ಜಲು ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡು, ಸುತ್ತು ಬಳಸಿ ಆಚೆ ನಿಂತ.

"ಕಂಬ ಎಷ್ಟು?" ಎಂದಳು ಅಕ್ಕ.

"ಹನ್ನೊಂದು." ಅವನು ದಿಬ್ಬದ ಬುಡವನ್ನು ಬಹಳ ಹೊತ್ತು ನೋಡಿದ. "ತಿರುಗಿಸಿರೋದು ಚೆನ್ನಾಗೇ ಇದೆ, ಅಕ್ಕಾ."